ಕೈಕೆಲಸದ ಒಡವೆಗೆ ನ್ಯಾಯವಾದ ಬೆಲೆ

(ಸಂಸ್ಥೆಯ ವಾರ್ಷಿಕೋತ್ಸವದಲ್ಲಿ ವಿದ್ಯಾರ್ಥಿನಿಯರು ಹಾಗೂ ಪೋಷಕರ ಮುಂದೆ ಮಾಡಿದ ಭಾಷಣದ ಬರಹ ರೂಪ)



ಉರ್ದು, ಕನ್ನಡ ಎರಡನ್ನೂ ಕಲಿಸುವವರು ಇಂಥ ವೇದಿಕೆಯಲ್ಲಿ ನಿಂತರೆ ಕವಿತೆಯ ಬಗ್ಗೆಯೋ ಭಾಷೆಯ ಬಗ್ಗೆಯೋ ಮಾತಾಡಲಿ ಎಂದು ನೀವು ನಿರೀಕ್ಷಿಸುವುದು ಸಹಜ. ಈ ಸಲ ನಾನು ಲೆಕ್ಕದ ವಿಷಯ ಆರಿಸಿಕೊಂಡಿದ್ದೇನೆ. ನಮ್ಮ ಹುಡುಗಿಯರಲ್ಲಿ ಹಲವರು ರೇಷ್ಮೆ ದಾರದ ಬಳೆ, ಜುಮುಕಿ, ಮಣಿಸರ ಮಾಡುತ್ತಾರೆ. ಕೆಲವರ ಮನೆಯಲ್ಲಿ ಅಮ್ಮಿ, ಖಾಲಾ, ಅಕ್ಕ ತಂಗಿಯರೆಲ್ಲ ಸೇರಿ ಮಾಡುತ್ತಾರೆ. ರಂಜಾನ್ ಹತ್ತಿರ ಬಂತೆಂದರೆ ತರಗತಿಯಲ್ಲಿ ಪೆನ್ನು ಹಿಡಿದ ಬೆರಳುಗಳ ಮೇಲೆ ಒಣಗಿದ ಫೆವಿಕಾಲ್ ಕಾಣುತ್ತದೆ, ಮೊದಲನೇ ಪೀರಿಯಡ್‌ನಲ್ಲೇ ಕೆಲವರ ಕಣ್ಣು ಎಳೆಯುತ್ತದೆ. ಈ ಕೆಲಸದಿಂದ ಕೆಲವರ ಪುಸ್ತಕ, ಬಸ್ ಪಾಸು, ಪರೀಕ್ಷಾ ಶುಲ್ಕ ನಡೆಯುತ್ತದೆ ಎಂಬುದೂ ನನಗೆ ಗೊತ್ತು.

ಆದರೆ "ಈ ಜೊತೆ ಎಷ್ಟಮ್ಮಾ?" ಎಂದು ಯಾರಾದರೂ ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: "ನಿಮಗೆ ತೋಚಿದ್ದು ಕೊಡಿ ಆಪಾ." ಇದನ್ನು ವಿನಯ ಎಂದುಕೊಳ್ಳುತ್ತೇವೆ. ನಿಜವಾಗಿ ಇದು ಲೆಕ್ಕ ಗೊತ್ತಿಲ್ಲ ಎಂಬುದರ ಇನ್ನೊಂದು ಹೆಸರು. ಲೆಕ್ಕ ಗೊತ್ತಿಲ್ಲದವರ ಬೆಲೆಯನ್ನು ಬೇರೆಯವರು ಕಟ್ಟುತ್ತಾರೆ.

ಭಾಷಾ ಶಿಕ್ಷಕ ವೃತ್ತಿಯ ಅಭ್ಯಾಸಕ್ಕೆ ಎರಡು ಶಬ್ದಗಳನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ. ಉರ್ದುವಿನ 'ಕೀಮತ್' ಕನ್ನಡಕ್ಕೆ ಬಂದು 'ಕಿಮ್ಮತ್ತು' ಆಯಿತು. ಕನ್ನಡದಲ್ಲಿ ಅದಕ್ಕೆ ಬೆಲೆ ಎಂಬ ಅರ್ಥದ ಜೊತೆಗೆ ಗೌರವ ಎಂಬ ಅರ್ಥವೂ ಇದೆ. 'ಅವನ ಮಾತಿಗೆ ಕಿಮ್ಮತ್ತಿಲ್ಲ' ಎನ್ನುತ್ತೇವೆ. ಇನ್ನೊಂದು 'ಮಜೂರಿ'. ಪಾರಸಿಯಲ್ಲಿ 'ಮುಜ್ದ್' ಎಂದರೆ ಕೂಲಿ, ಅದರಿಂದ ಮಜ್ದೂರ್, ಮಜ್ದೂರಿ, ನಮ್ಮ ಮಜೂರಿ. ಚಿನ್ನದಂಗಡಿಯಲ್ಲಿ ಇದೇ ಶಬ್ದ ಕೇಳುತ್ತೀರಿ. ಅಲ್ಲಿ ಚಿನ್ನದ ಬೆಲೆ ಬೇರೆ, ಮಜೂರಿ ಬೇರೆ ಬರೆಯುತ್ತಾರೆ, ನಾವು ಕೊಟ್ಟು ಬರುತ್ತೇವೆ. ಅಕ್ಕಸಾಲಿಗನ ಕೈಗೆ ಮಜೂರಿ ಉಂಟು ಎಂದು ಒಪ್ಪುವ ನಾವು, ಮನೆಯ ಮೂಲೆಯಲ್ಲಿ ಕೂತು ದಾರ ಸುತ್ತುವ ಹುಡುಗಿಯ ಕೈಗೆ ಮಜೂರಿ ಉಂಟು ಎಂಬುದನ್ನು ಮರೆಯುತ್ತೇವೆ.

ಮೊದಲು ಖರ್ಚಿನ ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳೋಣ. ರೇಷ್ಮೆ ದಾರದ ಆರು ಬಳೆಗಳ ಒಂದು ಸೆಟ್. ನಾನು ಹೇಳುವ ಅಂಕಿಗಳು ಲೆಕ್ಕ ಕಲಿಯಲು ಹಿಡಿದವು. ನಿಮ್ಮ ಊರಿನ ದರಗಳನ್ನು ನೀವು ಹಾಕಿಕೊಳ್ಳಿ.

ಒಳಗಿನ ಬೇಸ್ ಬಳೆಗಳಿಗೆ 30 ರೂಪಾಯಿ, ದಾರಕ್ಕೆ 40, ಸ್ಟೋನ್ ಚೈನ್ ಮತ್ತು ಕುಂದನ್‌ಗೆ 50, ಗಮ್‌ಗೆ 10, ಡಬ್ಬಕ್ಕೆ 20. ಒಟ್ಟು 150 ರೂಪಾಯಿ. ಇದರ ಜೊತೆಗೆ ಹಾಳಾಗುವ ಸಾಮಾನಿದೆ. ದಾರ ಸಿಕ್ಕಾಗುತ್ತದೆ, ಕಲ್ಲು ಉದುರುತ್ತದೆ, ಗಮ್ ಒಣಗುತ್ತದೆ. ನೂರಕ್ಕೆ ಹತ್ತರಂತೆ 15 ರೂಪಾಯಿ ಹಿಡಿಯಿರಿ. ಸಾಮಾನು ತರಲು ಹೋದ ಬಸ್ ಖರ್ಚು, ರಾತ್ರಿಯ ಲೈಟು, ಕತ್ತರಿಯ ಸವೆತ, ಫೋನಿನ ಖರ್ಚು, ಇವುಗಳಿಂದ ಒಂದು ಸೆಟ್‌ಗೆ 20 ರೂಪಾಯಿ ಬರಲಿ. ಈಗ ಒಟ್ಟು 185 ರೂಪಾಯಿ ಆಯಿತು. ಇದು ನಿಮ್ಮ ಕೈಯಿಂದ ಹೋದ ಹಣ. ಯಾರಾದರೂ 200 ರೂಪಾಯಿ ಕೊಟ್ಟಾಗ 'ಐವತ್ತು ಉಳಿಯಿತು' ಎಂದು ಸಂತೋಷಪಡುವವರಿಗೆ ನಿಜವಾಗಿ ಉಳಿದದ್ದು 15.

ಸಮಯಕ್ಕೂ ದರವುಂಟು

ಇನ್ನು ಸಮಯ. 'ಮನೆಯಲ್ಲಿ ಸುಮ್ಮನೆ ಕೂತಿರುವಾಗ ಮಾಡಿದ್ದಲ್ಲವೇ?' ಎಂಬ ಮಾತು ನಮ್ಮ ಮನೆಗಳಲ್ಲಿ ಬಹಳ ಚಾಲ್ತಿಯಲ್ಲಿದೆ. ಸುಮ್ಮನೆ ಕೂತವರಿಂದ ಬಳೆ ಆಗುವುದಿಲ್ಲ. ಆ ಹೊತ್ತಿನಲ್ಲಿ ಓದಬಹುದಿತ್ತು, ನಿದ್ದೆ ಮಾಡಬಹುದಿತ್ತು, ಬೇರೆ ಕೆಲಸ ಮಾಡಬಹುದಿತ್ತು.

ಹಾಗಾದರೆ ಒಂದು ಗಂಟೆಗೆ ಎಷ್ಟು? ಇದಕ್ಕೆ ಒಂದು ಅಳತೆಗೋಲು ಬೇಕು. 2025-26ನೇ ಸಾಲಿಗೆ ಮಹಾತ್ಮ ಗಾಂಧಿ ಉದ್ಯೋಗ ಖಾತ್ರಿ ಯೋಜನೆಯಲ್ಲಿ ಕರ್ನಾಟಕಕ್ಕೆ ಗೊತ್ತುಪಡಿಸಿದ ದಿನಗೂಲಿ 370 ರೂಪಾಯಿ. ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ ಸುಮಾರು 46 ರೂಪಾಯಿ. ಮಣ್ಣು ಅಗೆಯುವ ಕೆಲಸಕ್ಕೆ, ಯಾವ ತರಬೇತಿಯನ್ನೂ ಕೇಳದೆ, ಸರ್ಕಾರ ಕಟ್ಟಿದ ದರ ಇದು. ಕೈಕೆಲಸ ಕಲಿತವರು ಇದಕ್ಕಿಂತ ಕೆಳಗೆ ಬಹಳ ಕಾಲ ಇರಬಾರದು. ಇದನ್ನು ನಿಮ್ಮ ನೆಲಗಟ್ಟು ಎಂದು ಇಟ್ಟುಕೊಳ್ಳಿ.

ಈಗ ಹೊಸದಾಗಿ ಕಲಿತ ಹುಡುಗಿಯೊಬ್ಬಳು ಆ ಸೆಟ್ ಮಾಡಲು ಐದು ಗಂಟೆ ತೆಗೆದುಕೊಳ್ಳುತ್ತಾಳೆ ಎನ್ನೋಣ. ಐದು ಗಂಟೆಗೆ 230 ರೂಪಾಯಿ, ಖರ್ಚು 185, ಒಟ್ಟು 415. ಆದರೆ ದಾರ ಅಲ್ಲಲ್ಲಿ ಉಬ್ಬಿದೆ, ಗಮ್ ಕಾಣುತ್ತದೆ. ಅಂಥ ಸೆಟ್‌ಗೆ ಕೊಳ್ಳುವವರು 350ಕ್ಕಿಂತ ಹೆಚ್ಚು ಕೊಡಲಾರರು. ಇಲ್ಲಿ ಹುಡುಗಿ ಹೇಳುವುದು: "ಟೀಚರ್, ನನ್ನ ಮೆಹನತ್ತಿಗೆ ಬೆಲೆ ಸಿಗಲಿಲ್ಲ." ನನ್ನ ಉತ್ತರ: ಕಲಿಯಲು ಹಿಡಿದ ಹೊತ್ತನ್ನು ಗಿರಾಕಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಬಿಚ್ಚಿ ಮತ್ತೆ ಸುತ್ತಿದ ಹೊತ್ತು ನಿಮ್ಮ ತಾಲೀಮು, ಅದರ ಫಲ ಮುಂದೆ ನಿಮಗೇ ಬರುತ್ತದೆ. 350ಕ್ಕೆ ಕೊಟ್ಟರೆ ಖರ್ಚು ಕಳೆದು 165 ಉಳಿಯುತ್ತದೆ, ಅಂದರೆ ಗಂಟೆಗೆ 33. ನೆಲಗಟ್ಟಿಗಿಂತ ಕಡಿಮೆ. ಮೊದಲ ಕೆಲವು ತಿಂಗಳಿಗೆ ಇದನ್ನು ಒಪ್ಪಬಹುದು. ಆದರೆ ಖರ್ಚಿಗಿಂತ ಕಡಿಮೆಗೆ ಎಂದೂ ಕೊಡಬೇಡಿ. ಸಾಮಾನಿನ ಹಣವೂ ಬರದ ಮಾರಾಟ ಮಾರಾಟವೇ ಅಲ್ಲ.

ಕೈ ಪಳಗಿದಾಗ ಬೆಲೆ ಇಳಿಯಬೇಕೇ?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ದಯವಿಟ್ಟು ಗಮನ ಕೊಡಿ. ಆರು ತಿಂಗಳಲ್ಲಿ ಅದೇ ಹುಡುಗಿ ಮೂರು ಗಂಟೆಯಲ್ಲಿ ಸೆಟ್ ಮುಗಿಸುತ್ತಾಳೆ. ಗಂಟೆಗೆ 46ರಂತೆ 138, ಖರ್ಚು 185, ಒಟ್ಟು 323. ಮಾರುವ ಓಡಾಟಕ್ಕೆ ಮತ್ತು ನಾಳೆಯ ಬಂಡವಾಳಕ್ಕೆ ನೂರಕ್ಕೆ 15 ಸೇರಿಸಿದರೆ ಸುಮಾರು 370. ಒಂದು ವರ್ಷದಲ್ಲಿ ಆಕೆಗೆ ಎರಡೇ ಗಂಟೆ ಸಾಕು. ಅದೇ ಲೆಕ್ಕ ಹಾಕಿ: ಕೂಲಿ 92, ಖರ್ಚು 185, ಒಟ್ಟು 277, ನೂರಕ್ಕೆ 15 ಸೇರಿಸಿದರೆ ಸುಮಾರು 320.

ಏನಾಯಿತು ನೋಡಿ. ಕೆಲಸ ಹಿಂದಿಗಿಂತ ಅಂದವಾಗಿದೆ, ಗಮ್ ಕಾಣುವುದಿಲ್ಲ, ದಾರ ಕನ್ನಡಿಯಂತೆ ಹೊಳೆಯುತ್ತದೆ; ಬೆಲೆ ಮಾತ್ರ 50 ರೂಪಾಯಿ ಇಳಿಯಿತು. ಗಂಟೆಯ ದರವನ್ನು ಹಾಗೇ ಬಿಟ್ಟು ಗಂಟೆಗಳನ್ನು ಮಾತ್ರ ಎಣಿಸಿದರೆ ಹೀಗಾಗುತ್ತದೆ. ಹುನರ್ ಹೆಚ್ಚಿದಷ್ಟೂ ದಂಡ ಕಟ್ಟಿದ ಹಾಗೆ.

ಆದ್ದರಿಂದ ಕೈಯ ವೇಗ ಹೆಚ್ಚಿದಂತೆ ಗಂಟೆಯ ದರವೂ ಏರಬೇಕು. ಮೂರು ಗಂಟೆಯ ಹಂತದಲ್ಲಿ ಕೆಲಸ ಒಂದೇ ಸಮನಾಗಿ ಬರತೊಡಗಿದಾಗ ಗಂಟೆಗೆ 60 ಹಿಡಿಯಿರಿ: ಕೂಲಿ 180. ಎರಡು ಗಂಟೆಯ ಹಂತದಲ್ಲಿ 90 ಹಿಡಿಯಿರಿ: ಕೂಲಿ ಮತ್ತೆ 180. ಎರಡರಲ್ಲೂ ಖರ್ಚು ಸೇರಿ 365, ನೂರಕ್ಕೆ 15 ಸೇರಿಸಿದರೆ 420 ರೂಪಾಯಿ. ಇದರಲ್ಲಿ ಗಿರಾಕಿಗೆ ಮೋಸವಿಲ್ಲ, ಒಳ್ಳೆಯ ಕೆಲಸಕ್ಕೆ ಆಕೆ ಅದೇ ಬೆಲೆ ಕೊಡುತ್ತಾಳೆ. ಉಳಿದ ಒಂದು ಗಂಟೆ ನಿಮ್ಮದು. ಆ ಗಂಟೆಯಲ್ಲಿ ಗಣಿತದ ಒಂದು ಅಧ್ಯಾಯ ಓದಬಹುದು. ವೇಗದ ಲಾಭ ಕೆಲಸಗಾರಳಿಗೆ ಸೇರಬೇಕು, ಅಂದದ ಲಾಭದಲ್ಲಿ ಇಬ್ಬರಿಗೂ ಪಾಲು ಇರಲಿ. ನ್ಯಾಯವಾದ ಬೆಲೆ ಎಂದರೆ ನನ್ನ ತಿಳಿವಳಿಕೆಯಲ್ಲಿ ಇಷ್ಟೇ.

ಬೀದರ್‌ನಿಂದ ಒಂದು ಪಾಠ

ಬೀದರ್‌ನ ಬಿದ್ರಿ ಕೆಲಸವನ್ನು ನೀವು ಚಿತ್ರದಲ್ಲಾದರೂ ನೋಡಿರುತ್ತೀರಿ. ಅಲ್ಲಿ ಹೂದಾನಿ, ಹುಕ್ಕಾಗಳ ಜೊತೆಗೆ ಕಿವಿಯೋಲೆ, ಪದಕ, ಬಳೆಗಳೂ ತಯಾರಾಗುತ್ತವೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ, ಅರದಿಂದ ನಯಗೊಳಿಸುತ್ತಾರೆ, ಉಳಿಯಿಂದ ಚಿತ್ತಾರ ಕೊರೆಯುತ್ತಾರೆ, ಕೊರೆದ ಗೆರೆಯಲ್ಲಿ ಬೆಳ್ಳಿಯ ತಂತಿ ಅಥವಾ ತಗಡು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಹಚ್ಚಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಈ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಬೀದರ್‌ನ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಗೌರವ ಸಂದಿತು.

ಅಲ್ಲಿ ತಂತಿ ಕೂರಿಸುವ ಕೆಲಸಕ್ಕೆ ತಾರ್‌ಕಶಿ ಎಂದೂ, ಆಳವಾಗಿ ಕೊರೆದು ತಗಡು ಕೂರಿಸುವುದಕ್ಕೆ ತೆಹನಿಶಾನ್ ಎಂದೂ ಹೆಸರು. ಎರಡು ಪದಕಗಳಲ್ಲಿ ಸತು ಒಂದೇ, ಬೆಳ್ಳಿಯೂ ಒಂದೇ ತೂಕ ಇರಬಹುದು. ಗೆರೆ ಎಷ್ಟು ಸೂಕ್ಷ್ಮ, ಬಳ್ಳಿ ಎಲ್ಲಿಯೂ ಮುರಿಯದೆ ಹೋಗಿದೆಯೇ ಎಂಬುದರ ಮೇಲೆ ಬೆಲೆ ಬೇರೆಯಾಗುತ್ತದೆ. ಅಂದರೆ ಬೆಲೆ ಇರುವುದು ಕೈಯಲ್ಲಿ. ನಮ್ಮ ದಾರದ ಬಳೆಗೂ ಇದೇ ಮಾತು ಅನ್ವಯಿಸುತ್ತದೆ.

ಬೆಳ್ಳಿಯಿಂದಲೇ ಇನ್ನೊಂದು ಪಾಠ. 2020ರ ಆರಂಭದಲ್ಲಿ ಬೆಳ್ಳಿ ಗ್ರಾಂಗೆ 50 ರೂಪಾಯಿಗೂ ಕಡಿಮೆ ಇತ್ತು. 2025ರ ಡಿಸೆಂಬರ್‌ನಲ್ಲಿ 200 ರೂಪಾಯಿ ದಾಟಿತು. ಎರಡು ಗ್ರಾಂ ಬೆಳ್ಳಿ ಹಿಡಿಯುವ ಪದಕವೊಂದನ್ನು ಅಂದು 500ಕ್ಕೆ ಮಾರುತ್ತಿದ್ದರು ಎಂದುಕೊಳ್ಳಿ. ಬೆಳ್ಳಿಗೆ 100 ಕಳೆದರೆ ಕೈಗೂ ಉಳಿದ ಖರ್ಚಿಗೂ 400. ಬೆಳ್ಳಿ 400 ಆದ ಮೇಲೂ 'ಹಳೇ ಗಿರಾಕಿ, ಬೇಜಾರಾಗುತ್ತಾರೆ' ಎಂದು 500ಕ್ಕೇ ಕೊಟ್ಟರೆ ಕೈಗೆ ಉಳಿಯುವುದು 100. ಬೆಲೆಯನ್ನು 800 ಮಾಡಿದರೆ ಜನ 'ಬಹಳ ಏರಿಸಿದರು' ಎನ್ನುತ್ತಾರೆ, ಆದರೆ ಕೈಗೆ ಬಂದದ್ದು ಹಳೆಯ 400 ಮಾತ್ರ. ಆದ್ದರಿಂದ ನಿಮ್ಮ ಪುಸ್ತಕದಲ್ಲಿ ಸಾಮಾನಿನ ಬೆಲೆಯನ್ನೂ ಮಜೂರಿಯನ್ನೂ ಯಾವಾಗಲೂ ಬೇರೆ ಬೇರೆ ಬರೆಯಿರಿ. ಸಾಮಾನು ಏರಿದರೆ ಆ ಭಾಗ ತಾನಾಗಿ ಏರಲಿ. ಹುನರ್ ಏರಿದರೆ ಮಜೂರಿ ಏರಲಿ. ಒಂದನ್ನು ಇನ್ನೊಂದರೊಳಗೆ ಮುಳುಗಿಸಬೇಡಿ.

ಅಂಗಡಿಗೆ ಕೊಡುವಾಗ

ಊರಿನ ಫ್ಯಾನ್ಸಿ ಸ್ಟೋರ್‌ನವರು 'ಇಡ್ತೀವಿ, ನೂರಕ್ಕೆ ಮೂವತ್ತು ನಮಗೆ' ಎನ್ನುತ್ತಾರೆ. ಅದು ಅನ್ಯಾಯವೇನಲ್ಲ, ಬಾಡಿಗೆ, ಕರೆಂಟು, ಕೆಲಸದವರ ಸಂಬಳ ಅವರಿಗೂ ಇದೆ. ಆದರೆ ನಿಮ್ಮ 420ರಲ್ಲಿ ನೂರಕ್ಕೆ ಮೂವತ್ತು ಬಿಟ್ಟರೆ ಕೈಗೆ ಬರುವುದು 294. ಖರ್ಚು 185 ಕಳೆದರೆ 109, ಎರಡು ಗಂಟೆಗೆ. 90 ಎಂದುಕೊಂಡದ್ದು 55ಕ್ಕೆ ಇಳಿಯಿತು. ಖರ್ಚು ಮತ್ತು ಮಜೂರಿ ಸೇರಿ 365 ನಿಮ್ಮ ಕೈಗೆ ಬರಬೇಕಾದರೆ ಅಂಗಡಿಯ ಬೆಲೆ ಸುಮಾರು 520 ಆಗಬೇಕು. ಆಗ ನೀವು ಪಕ್ಕದ ಬೀದಿಯಲ್ಲಿ 420ಕ್ಕೆ ಮಾರಿದರೆ ಅಂಗಡಿಯವರು ಮುನಿಸಿಕೊಳ್ಳುವುದು ಸರಿಯೇ. ಹೀಗಾಗಿ ಅಂಗಡಿಗೆ ಕೊಡುವ ಯೋಚನೆ ಇದ್ದವರು ಮೊದಲಿನಿಂದಲೇ ನೇರ ಮಾರಾಟದ ಬೆಲೆಯನ್ನೂ ಅದರ ಹತ್ತಿರ ಇಟ್ಟುಕೊಳ್ಳಬೇಕು. ಆ ಬೆಲೆಗೆ ತಕ್ಕ ಅಂದ ಇನ್ನೂ ಬಂದಿಲ್ಲ ಎನಿಸಿದರೆ ಅಂಗಡಿಗೆ ಹೋಗುವುದನ್ನು ಆರು ತಿಂಗಳು ಮುಂದೂಡಿ.

ಇನ್ನು ಸಾಮಾನು ತಾವೇ ಕೊಟ್ಟು ಡಜನ್‌ಗೆ ಇಷ್ಟು ಎಂದು ಕೂಲಿ ಕೊಡುವವರು. ಡಜನ್‌ಗೆ 60 ರೂಪಾಯಿ ಎಂದರೆ ಕೇಳಲು ಚೆನ್ನಾಗಿದೆ. ಡಜನ್‌ಗೆ ನಾಲ್ಕು ಗಂಟೆ ಹಿಡಿದರೆ ಗಂಟೆಗೆ 15. ಅಮ್ಮಿ, ಇಬ್ಬರು ಮಕ್ಕಳು ಸೇರಿ ಕೂತು ಬೇಗ ಮುಗಿಸಿದರೆ ದರ ಏರಿದಂತಲ್ಲ. ಮೂವರ ಹೊತ್ತನ್ನು ಕೂಡಿಸಿ ಎಣಿಸಬೇಕು. ಒಪ್ಪಿಕೊಳ್ಳುವ ಮುನ್ನ ಒಂದು ಡಜನ್ ಮಾಡಿ ಗಡಿಯಾರ ನೋಡಿ. ಬೀದಿಯ ನಾಲ್ಕು ಮನೆಯವರು ಒಟ್ಟಿಗೆ ಕೇಳಿದರೆ ದರ ಏರುತ್ತದೆ. ಒಬ್ಬೊಬ್ಬರೇ ಹೋಗಿ 'ನಾನು ಎರಡು ರೂಪಾಯಿ ಕಡಿಮೆಗೆ ಮಾಡಿಕೊಡುತ್ತೇನೆ' ಎಂದರೆ ಎಲ್ಲರದೂ ಇಳಿಯುತ್ತದೆ.

ಬೆಲೆ ಏರಿಸುವ ಕ್ರಮ

ಯಾವಾಗ ಏರಿಸಬೇಕು? ಮೂರು ಗುರುತುಗಳನ್ನು ಹೇಳುತ್ತೇನೆ.

1. ಬಂದ ಆರ್ಡರ್‌ಗಳನ್ನು ಮುಗಿಸಲು ಆಗದೆ ವಾಪಸ್ ಕಳಿಸುತ್ತಿದ್ದರೆ.
2. ಹತ್ತು ಸೆಟ್ ಮಾಡಿದರೆ ಹತ್ತೂ ಒಂದೇ ಸಮನಾಗಿ ಬರುತ್ತಿದ್ದರೆ, ದೂರು ಬರುವುದು ನಿಂತಿದ್ದರೆ.
3. ಬೇರೆಯವರಿಗೆ ಬಾರದ ವಿನ್ಯಾಸ ಅಥವಾ ಕೆಲಸ ನಿಮಗೆ ಬಂದಿದ್ದರೆ.

ಎಷ್ಟು ಏರಿಸಬೇಕು? ಒಂದೇ ಸಲ ದುಪ್ಪಟ್ಟು ಬೇಡ. ನೂರಕ್ಕೆ ಹತ್ತು ಹದಿನೈದರಂತೆ, ವರ್ಷಕ್ಕೆ ಒಂದೆರಡು ಸಲ ಸಾಕು. ಹಳೆಯ ಗಿರಾಕಿಗಳಿಗೆ ಹದಿನೈದು ದಿನ ಮುಂಚೆ ತಿಳಿಸಿ. ಒಪ್ಪಿಕೊಂಡ ಆರ್ಡರನ್ನು ಒಪ್ಪಿದ ಬೆಲೆಗೇ ಕೊಡಿ. 'ಜಾಸ್ತಿಯಾಯ್ತು' ಎಂದು ಯಾರಾದರೂ ಹೇಳಿದರೆ ಬೆಲೆ ಇಳಿಸುವ ಬದಲು ಕೆಲಸ ಇಳಿಸಿ: ಸಾದಾ ದಾರದ ಸೆಟ್, ಚೈನ್ ಹಾಕಿದ ಸೆಟ್, ಕುಂದನ್ ತುಂಬಿದ ಮದುವೆಯ ಸೆಟ್ ಎಂದು ಮೂರು ದರ್ಜೆ ಇಟ್ಟುಕೊಳ್ಳಿ. ಬಡವರ ಮನೆಯ ಹುಡುಗಿಯೂ ಒಂದನ್ನು ಕೊಂಡು ಹೋಗಲಿ.

ಯಂತ್ರದಲ್ಲಿ ಅಚ್ಚಾಗಿ ಬರುವ ಓಲೆಯ ಬೆಲೆಯೊಂದಿಗೆ ಪೈಪೋಟಿಗೆ ಇಳಿಯಬೇಡಿ, ಅಲ್ಲಿ ಕೈ ಎಂದೂ ಗೆಲ್ಲದು. ಸೀರೆಯ ಅಂಚಿಗೆ ಹೊಂದುವ ಬಣ್ಣ, ಮಣಿಕಟ್ಟಿಗೆ ಸರಿಯಾದ ಅಳತೆ, ಕಲ್ಲು ಉದುರಿದರೆ ಮತ್ತೆ ಕೂರಿಸಿಕೊಡುವ ಮಾತು, ಇವು ಯಂತ್ರದಿಂದ ಆಗವು. ಹೈದರಾಬಾದಿನ ಚಾರ್‌ಮಿನಾರ್ ಬಳಿಯ ಲಾಡ್ ಬಜಾರ್‌ನಲ್ಲಿ ಗಾಜು, ಪ್ಲಾಸ್ಟಿಕ್ ಬಳೆಗಳ ನಡುವೆಯೇ ಅರಗಿನ ಬಳೆ ಇಂದಿಗೂ ಮಾರಾಟವಾಗುತ್ತದೆ. ಆ ಬಳೆಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಬಂತು.

ಗಿರಾಕಿಯ ಹಕ್ಕು

ನ್ಯಾಯ ಎಂದ ಮೇಲೆ ಎರಡೂ ತಟ್ಟೆ ಸಮನಾಗಿರಬೇಕು. ಕೊಳ್ಳುವವರ ಮುಖ, ಉಡುಪು, ಕಾರು ನೋಡಿ ಬೆಲೆ ಹೇಳಬೇಡಿ. ಎಲ್ಲರಿಗೂ ಒಂದೇ ಪಟ್ಟಿ ಇರಲಿ. ಪಾಲಿಶ್ ಮಾಡಿದ್ದನ್ನು ಬೆಳ್ಳಿ ಎನ್ನಬೇಡಿ, ಬೇರೆ ಊರಿನ ಅಚ್ಚಿನ ಮಾಲನ್ನು ಬಿದ್ರಿ ಎನ್ನಬೇಡಿ. ಸಣ್ಣ ದೋಷವಿದ್ದರೆ ತೋರಿಸಿ, ಕಡಿಮೆ ಬೆಲೆಗೆ ಕೊಡಿ. ಹಬ್ಬದ ಹಿಂದಿನ ದಿನ ತುರ್ತಾಗಿ ಮಾಡಿಕೊಡಲು ಹೆಚ್ಚು ಕೇಳುವುದಾದರೆ ಮೊದಲೇ ಹೇಳಿ, ಬಳೆ ಕೈಗೆ ಕೊಡುವಾಗ ಹೇಳಬೇಡಿ. ನಿಮ್ಮ ಜೊತೆ ಕೂತು ದಾರ ಸುತ್ತಿದ ತಂಗಿಗೂ ಪಕ್ಕದ ಮನೆಯ ಹುಡುಗಿಗೂ ಕೂಲಿ ಕೊಡಿ; ನಮಗೆ ಬೇಕಾದ ನ್ಯಾಯ ನಮ್ಮ ಚಾಪೆಯ ಮೇಲಿಂದಲೇ ಶುರುವಾಗಬೇಕು.

ಮುಂದೆ ಇದನ್ನೇ ಕಸುಬಾಗಿ ಮಾಡಬೇಕೆನ್ನುವ ದೊಡ್ಡವರಿಗೆ ಒಂದು ಮಾತು. ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ಕುಶಲಕರ್ಮಿಗಳಿಗೆ 'ಪೆಹಚಾನ್' ಗುರುತಿನ ಚೀಟಿ ಕೊಡುತ್ತದೆ. ನಿಮ್ಮ ಕೆಲಸ ಅದರ ಪಟ್ಟಿಯಲ್ಲಿ ಬರುತ್ತದೆಯೇ ಎಂದು ವಿಚಾರಿಸಿ ಅರ್ಜಿ ಹಾಕಿ. ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಕಾವೇರಿ ಮಳಿಗೆಗೆ ಒಮ್ಮೆ ಹೋಗಿ ಬನ್ನಿ. ಕೊಳ್ಳಲೇಬೇಕೆಂದಿಲ್ಲ, ಚೀಟಿಯ ಮೇಲಿನ ಬೆಲೆಗಳನ್ನು ನೋಡಿ ಬಂದರೂ ಕಲಿತಂತೆ.

ತಾಯಂದಿರಿಗೆ ಮತ್ತು ಹಿರಿಯರಿಗೆ

ತಾಯಂದಿರೇ, ಮಗಳ ಕೈಯಲ್ಲಿ ಹುನರ್ ಇರುವುದು ದೊಡ್ಡ ಆಸ್ತಿ. ಆದರೆ ಕಡಿಮೆ ಬೆಲೆಗೆ ಮಾರುವವಳು ಅಷ್ಟೇ ಹಣಕ್ಕೆ ಹೆಚ್ಚು ಗಂಟೆ ಕೂರಬೇಕು, ಆ ಗಂಟೆಗಳು ಓದಿನಿಂದಲೇ ಕಳೆಯುತ್ತವೆ. ತಿಂಗಳಿಗೆ 1800 ರೂಪಾಯಿ ಮಜೂರಿ ಬೇಕಾದವಳು ಗಂಟೆಗೆ 15ರಂತೆ 120 ಗಂಟೆ ಕೂರಬೇಕು. ಗಂಟೆಗೆ 90ರಂತೆ 20 ಗಂಟೆ ಸಾಕು. ನಡುವಿನ ನೂರು ಗಂಟೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗುವುದೂ ಇದೆ, ಶಾಲೆ ಬಿಡುವುದೂ ಇದೆ. ಬೆಲೆಯ ಮಾತನ್ನು ಈ ಶೈಕ್ಷಣಿಕ ವೇದಿಕೆಗೆ ತಂದದ್ದು ಇದೇ ಕಾರಣಕ್ಕೆ. ಪರೀಕ್ಷೆಯ ತಿಂಗಳಲ್ಲಿ ಆರ್ಡರ್ ಹಿಡಿಯಬೇಡಿ ಎಂಬುದು ನನ್ನ ಕಳಕಳಿಯ ವಿನಂತಿ.

ಹಿರಿಯರಲ್ಲಿ ಇನ್ನೊಂದು ವಿನಂತಿ. ದೊಡ್ಡ ಅಂಗಡಿಯಲ್ಲಿ ಚೀಟಿ ನೋಡಿ ಮಾತಿಲ್ಲದೆ ಹಣ ಕೊಡುವ ನಾವು, ನಮ್ಮದೇ ಬೀದಿಯ ಹುಡುಗಿಯ ಮುಂದೆ 'ನಮ್ಮವಳೇ ಅಲ್ಲವೇ' ಎಂದು ಚೌಕಾಸಿಗೆ ನಿಲ್ಲುತ್ತೇವೆ. ನಮ್ಮವಳೆಂದ ಮೇಲೆ ಕೇಳಿದಷ್ಟು ಕೊಡುವುದೇ ಸಂಬಂಧಕ್ಕೆ ಒಪ್ಪುವ ನಡೆ.

ವಿದ್ಯಾರ್ಥಿನಿಯರೇ, ನಾಳೆಯೇ ಒಂದು ನೋಟ್ ಬುಕ್ ತನ್ನಿ. ಐದು ಮನೆ ಗೆರೆ ಎಳೆಯಿರಿ: ತಾರೀಖು, ಮಾಡಿದ ಒಡವೆ, ಸಾಮಾನಿನ ಖರ್ಚು, ಹಿಡಿದ ಗಂಟೆ, ಬಂದ ಹಣ. ಉರ್ದುವಿನಲ್ಲಾದರೂ ಬರೆಯಿರಿ, ಕನ್ನಡದಲ್ಲಾದರೂ ಬರೆಯಿರಿ. ಒಂದು ತಿಂಗಳು ಬಿಡದೆ ಬರೆದರೆ ನಿಮ್ಮ ಗಂಟೆಯ ದರ ಎಷ್ಟೆಂದು ಆ ಪುಸ್ತಕವೇ ಹೇಳುತ್ತದೆ. ಆರು ತಿಂಗಳು ಬರೆದರೆ ನಿಮ್ಮ ಕೈ ಎಷ್ಟು ಪಳಗಿತೆಂದು ಅಂಕಿಗಳಲ್ಲಿ ಕಾಣುತ್ತದೆ. ಆಮೇಲೆ ಯಾರಾದರೂ ಬೆಲೆ ಕೇಳಿದರೆ ತಲೆ ತಗ್ಗಿಸದೆ, ದನಿ ಏರಿಸದೆ, ಒಂದು ಅಂಕಿ ಹೇಳಿ. ಆ ಅಂಕಿಯ ಹಿಂದೆ ನಿಮ್ಮ ಲೆಕ್ಕ ಇರುತ್ತದೆ.